ಏಳು ಲೀಟರ್ ಆಯಿಲ್, ಎರಡು ಕೋಟಿ ಕೋಟಿ ಚೂರು

ಮಿರಗದ ಮಳೆಗೆ ಮುಂಚೆ ಬೀದರ್ ಜಿಲ್ಲೆಯ ಚಿಂತಾಕಿ ಸುತ್ತಿನ ಹೊಲಗಳಲ್ಲಿ ಟ್ರ್ಯಾಕ್ಟರ್‌ಗೆ ಬಿಡುವಿರುವುದಿಲ್ಲ. ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿತು ಅನ್ನಿ. ಪಿಸ್ಟನ್ ಒಮ್ಮೆ ಏರಿ ಇಳಿದರೆ 22 ಸೆಂಟಿಮೀಟರ್. ಟ್ರ್ಯಾಕ್ಟರ್ ಅದೇ ಹೊಲದಲ್ಲಿ ಸುತ್ತುತ್ತಿರುವಾಗ, ಒಂದೂವರೆ ಗಂಟೆಯಲ್ಲಿ ಪಿಸ್ಟನ್ ಸುಮಾರು 40 ಕಿಲೋಮೀಟರ್ ಓಡಿರುತ್ತದೆ. ಬೀದರಿನಿಂದ ಭಾಲ್ಕಿ ಮುಟ್ಟಿದಂತೆಯೇ. ಅಷ್ಟು ದೂರದ ಉಜ್ಜಾಟವನ್ನು ತಡೆಯುವುದು ಕೂದಲಿಗಿಂತ ಎಷ್ಟೋ ತೆಳ್ಳಗಿನ ಎಣ್ಣೆಯ ಪದರ.

ಈ ಎಣ್ಣೆಗೆ ಕೆಲವರು ಕರಿ ಪುಡಿ ಬೆರೆಸಿದ ಡಬ್ಬಿ ಸುರಿಯುತ್ತಾರೆ. ಮಾಲಿಬ್ಡಿನಮ್ ಡೈಸಲ್ಫೈಡ್, ನೆಲದಿಂದ ಅಗೆದ ಖನಿಜ, ನೋಡಲು ಪೆನ್ಸಿಲ್ ಸೀಸದಂತೆ. ಕೂಡಲೇ ಬರುವ ಪ್ರಶ್ನೆ ಒಂದೇ: "ಆಯಿಲ್ ಗಟ್ಟಿ ಆಗಲ್ಲೇನ್ರಿ?" ಮೇಸ್ತ್ರಿ ಆಯಿಲ್ ಅಳೆಯುವ ಕಡ್ಡಿ ಎಳೆದು, ತುದಿಯ ಹನಿಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಾನೆ. ಪಳಗಿದ ಬೆರಳು ಅದು, ನನಗೆ ಅದರ ಮೇಲೆ ಬಹಳ ಗೌರವ. ಆದರೆ ಈ ವ್ಯತ್ಯಾಸ ಯಾವ ಬೆರಳಿಗೂ ಸಿಗುವಂಥದ್ದಲ್ಲ.

ಲೆಕ್ಕ ಹಾಕೋಣ. ಏಳು ಲೀಟರ್ ಆಯಿಲಿಗೆ ತೂಕದಲ್ಲಿ ನೂರಕ್ಕೆ ಒಂದರಂತೆ ಪುಡಿ ಎಂದರೆ 61 ಗ್ರಾಂ. ಪುಡಿ ಎಣ್ಣೆಗಿಂತ ಐದು ಪಟ್ಟಿಗೂ ಹೆಚ್ಚು ಭಾರ, ಹಾಗಾಗಿ ಅದು ಹಿಡಿಯುವ ಜಾಗ ಎರಡೂವರೆ ಟೀ ಚಮಚೆಯಷ್ಟೇ. ಒಂದೊಂದು ಚೂರು ಅರ್ಧ ಮೈಕ್ರಾನ್ ಇದ್ದರೆ ಒಟ್ಟು ಚೂರುಗಳು ಸುಮಾರು ಎರಡು ಕೋಟಿ ಕೋಟಿ! ಇಷ್ಟಾದರೂ ಎಣ್ಣೆ ಎಷ್ಟು ದಪ್ಪವಾಗುತ್ತದೆ? ದ್ರವದಲ್ಲಿ ತೇಲುವ ಕಣಗಳ ಈ ಲೆಕ್ಕವನ್ನು 1906ರಲ್ಲಿ ಮಾಡಿದವರು ಐನ್‌ಸ್ಟೈನ್. 1911ರಲ್ಲಿ ತಾವೇ ತಿದ್ದಿದರು. ಅವರ ಸೂತ್ರದಂತೆ ಸ್ನಿಗ್ಧತೆ ಏರುವುದು ಶೇಕಡಾ 0.44. ಸೂತ್ರ ದುಂಡು ಕಣಗಳದ್ದು, ಈ ಚೂರುಗಳು ಚಪ್ಪಟೆ. ಅದಕ್ಕೆಂದು ನಾಲ್ಕು ಪಟ್ಟು ಮಾಡಿದರೂ ಶೇಕಡಾ ಎರಡು ದಾಟದು.

ಬಿಸಿಯ ಮುಂದೆ ಇದು ಏನೂ ಅಲ್ಲ. ಸಾಮಾನ್ಯ 15ಡಬ್ಲ್ಯೂ-40 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 110 ಸೆಂಟಿಸ್ಟೋಕ್. 100 ಡಿಗ್ರಿ ಮುಟ್ಟುವಷ್ಟರಲ್ಲಿ 14ರ ಆಸುಪಾಸಿಗೆ ಇಳಿಯುತ್ತದೆ. ಎರಡು ಕೋಟಿ ಕೋಟಿ ಚೂರು ಸೇರಿ ಮಾಡಿದ್ದನ್ನು ಇಂಜಿನ್ ಒಂದೇ ಒಂದು ಡಿಗ್ರಿ ಹೆಚ್ಚು ಕಾದು ಅಳಿಸಿಹಾಕುತ್ತದೆ.

ಹಾಗಾದರೆ ಪುಡಿಯ ಕೆಲಸ ಎಲ್ಲಿ? ಎಣ್ಣೆ ಸೋಲುವ ಜಾಗದಲ್ಲಿ. ಪಿಸ್ಟನ್ ತಿರುಗಿ ಬರಲು ನಿಮಿಷಕ್ಕೆ 4,000 ಸಲ ಕ್ಷಣ ನಿಲ್ಲುತ್ತದೆ. ಓಟ ನಿಂತಾಗ ಎಣ್ಣೆಯ ಪದರ ಹಿಂಡಿಹೋಗಿ ಲೋಹ ಲೋಹಕ್ಕೆ ತಾಗಲು ಬರುತ್ತದೆ. ಆಗ ನಡುವೆ ಸಿಕ್ಕ ಚೂರು ಇಸ್ಪೀಟ್ ಕಟ್ಟಿನಂತೆ ಎಲೆಎಲೆಯಾಗಿ ಜಾರುತ್ತದೆ. ಅರ್ಧ ಮೈಕ್ರಾನ್ ದಪ್ಪದ ಚೂರಿನಲ್ಲಿ ಅಂಥ ಎಲೆಗಳು 800ಕ್ಕೂ ಹೆಚ್ಚು.

ಆಯಿಲ್ ಗಟ್ಟಿಯಾಗುವುದಕ್ಕಲ್ಲ, ನಾನು ಹೆದರುವುದು ಪುಡಿ ಮುದ್ದೆ ಕಟ್ಟುವುದಕ್ಕೆ. ನಿಂತ ಇಂಜಿನ್ನಿನ ತಣ್ಣಗಿನ ಎಣ್ಣೆಯಲ್ಲಿ ಅರ್ಧ ಮೈಕ್ರಾನ್ ಚೂರು ತಿಂಗಳಿಗೆ ಒಂದು ಸೆಂಟಿಮೀಟರ್ ಇಳಿದರೆ ಹೆಚ್ಚು. ಅದೇ ಚೂರುಗಳು ಒತ್ತಾಗಿ ಅಂಟಿ ಹತ್ತು ಪಟ್ಟು ದೊಡ್ಡದಾದವೋ, ಇಳಿಯುವ ವೇಗ ನೂರು ಪಟ್ಟು. ಬಿತ್ತನೆ ಮುಗಿಸಿ ಕೊಟ್ಟಿಗೆ ಸೇರಿದ ಟ್ರ್ಯಾಕ್ಟರಿನಲ್ಲಿ ಅವು ವಾರ ತುಂಬುವುದರೊಳಗೆ ಆಯಿಲ್ ಚೇಂಬರಿನ ತಳ ಸೇರಿರುತ್ತವೆ.