ಓಲಂಡ್ ಮನೆತನದ ಬಿಯರ್ ಉದ್ಯಮ

ಕೆನಡಾದ ಬಿಯರ್ ಉದ್ಯಮದಲ್ಲಿ ಲಬಾಟ್ ಮತ್ತು ಮೋಲ್ಸನ್ ಸಂಸ್ಥೆಗಳು ಸಣ್ಣ ಕಾರ್ಖಾನೆಗಳನ್ನು ಒಂದೊಂದಾಗಿ ಕೊಳ್ಳುತ್ತ ಬೆಳೆದವು. ಕಡೆಗೆ 1995ರಲ್ಲಿ ಲಬಾಟ್ ಬೆಲ್ಜಿಯಂ ಸಂಸ್ಥೆಯೊಂದರ ಪಾಲಾಯಿತು. 2005ರಲ್ಲಿ ಮೋಲ್ಸನ್ ಅಮೆರಿಕದ ಕೂರ್ಸ್‌ನೊಡನೆ ಕೂಡಿಕೊಂಡಿತು. ಹೀಗಿರಲು, ಇಪ್ಪತ್ತನೆಯ ಶತಮಾನವನ್ನು ಒಂದೇ ಮನೆತನದ ಒಡೆತನದಲ್ಲಿ ಕಳೆದ ಮೂಸ್‌ಹೆಡ್ ಸಂಸ್ಥೆಯ ಬೆಳವಣಿಗೆಯು ವಿಚಾರಾರ್ಹವಾದುದು.

ಇದರ ಮೂಲ ಸುಸನ್ನಾ ಓಲಂಡ್ ಎಂಬಾಕೆ 1867ರಲ್ಲಿ ನೋವಾ ಸ್ಕೋಷಿಯದ ಡಾರ್ಟ್‌ಮತ್‌ನಲ್ಲಿ ಆರಂಭಿಸಿದ ಕಾರ್ಖಾನೆ. 1917ರ ಡಿಸೆಂಬರ್ 6ರಂದು ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿದಾಗ ಅದು ನಾಶವಾಯಿತು. ಆಕೆಯ ಮಗ ಕಾನ್ರಾಡ್ ಮಡಿದನು. ಇನ್ನೊಬ್ಬ ಮಗ ಜಾರ್ಜ್ ಮರುವರ್ಷ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಸೇಂಟ್ ಜಾನ್‌ನಲ್ಲಿ ಹಳೆಯ ಕಾರ್ಖಾನೆಯೊಂದನ್ನು ಕೊಂಡನು. ಆಗ ಅಲ್ಲಿ ಪಾನನಿರೋಧವು ಜಾರಿಯಲ್ಲಿದ್ದಿತೆಂಬುದನ್ನು ನೆನೆದರೆ ಇದನ್ನು ಸಾಹಸವೆಂದೇ ಹೇಳಬೇಕು. ಈ ಶಾಖೆಯೇ 1947ರಲ್ಲಿ ಮೂಸ್‌ಹೆಡ್ ಎಂಬ ಹೆಸರನ್ನು ತಳೆಯಿತು. ಹ್ಯಾಲಿಫ್ಯಾಕ್ಸ್‌ನಲ್ಲಿಯೇ ಉಳಿದ ಬಂಧುಗಳ ಶಾಖೆಯನ್ನಾದರೋ 1971ರಲ್ಲಿ ಲಬಾಟ್ ಕೊಂಡಿತು.

ಮೂಸ್‌ಹೆಡ್‌ನ ಬೆಳವಣಿಗೆಗೆ ಒದಗಿದ ಮುಖ್ಯ ತೊಡಕು, ಬಿಯರನ್ನು ಮಾರುವ ಪ್ರಾಂತದಲ್ಲಿಯೇ ತಯಾರಿಸಬೇಕೆಂಬ ಕಟ್ಟುಪಾಡು. ದೊಡ್ಡ ಸಂಸ್ಥೆಗಳು ಪ್ರಾಂತಪ್ರಾಂತಗಳಲ್ಲಿ ಕಾರ್ಖಾನೆಗಳನ್ನು ಹೊಂದಿದವು; ಮನೆತನದ ಬಂಡವಾಳಕ್ಕೆ ಅದು ನಿಲುಕುವ ಮಾತಲ್ಲ. ಸ್ವದೇಶದ ಬಾಗಿಲು ಹೀಗೆ ಮುಚ್ಚಿದ್ದುದರಿಂದ 1978ರಲ್ಲಿ ಅದು ಅಮೆರಿಕ ಸಂಯುಕ್ತ ಸಂಸ್ಥಾನದತ್ತ ಹೊರಳಿತು. ಅಲ್ಲಿಯ ರಾಜ್ಯರಾಜ್ಯಗಳಲ್ಲಿ ದೊರೆಯುತ್ತಿದ್ದ ಕೆನಡಾದ ಬಿಯರ್ ಕೆನಡಾದ ಒಂಟೇರಿಯೊದಲ್ಲಿ ದೊರೆಯದಿದ್ದ ವಿಚಿತ್ರ ಸ್ಥಿತಿ ಬಹುಕಾಲ ನಡೆಯಿತು. 1990ರ ದಶಕದ ಆದಿಯಲ್ಲಿ ಕಟ್ಟುಪಾಡುಗಳು ಸಡಿಲಗೊಂಡ ತರುವಾಯವೇ ಅದಕ್ಕೆ ತನ್ನ ನಾಡಿನ ಇತರ ಪ್ರಾಂತಗಳ ಪೇಟೆಗಳು ತೆರೆದುವು.