ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆಸ್ಪತ್ರೆ ಇರುವುದಿಲ್ಲ

“ಹಡಗಲ್ಲೇ ಆಸ್ಪತ್ರೆ ಇದೆಯಂತಲ್ಲ, ಇನ್ನೇನು ಯೋಚನೆ?”

ಅಪ್ಪ ಅಮ್ಮನನ್ನು ಸಿಂಗಪುರ, ಪೆನಾಂಗ್, ಫುಕೆಟ್ ಸುತ್ತಿಸಿ ಮತ್ತೆ ಸಿಂಗಪುರಕ್ಕೇ ತಂದು ಬಿಡುವ ಕ್ರೂಸ್‌ಗೆ ಕಳಿಸುವಾಗ ಈ ಮಾತನ್ನು ಎಷ್ಟು ಸಲ ಕೇಳಿದೆನೋ. ಚಿಕ್ಕಪ್ಪ ಹೇಳಿದರು, ಪಕ್ಕದ ಮನೆಯವರು ಹೇಳಿದರು, ಟಿಕೆಟ್ ಮಾಡಿಸಿಕೊಟ್ಟ ಏಜೆಂಟೂ ಹೇಳಿದರು. ಹೊರಡಲು ಉಳಿದಿದ್ದದ್ದು ಹನ್ನೆರಡೇ ದಿನ. ಅಪ್ಪನಿಗೆ 74, ಹೃದಯದ ರಕ್ತನಾಳದಲ್ಲಿ ಒಂದು ಸ್ಟೆಂಟ್. ಅಮ್ಮನಿಗೆ 69, ಇಪ್ಪತ್ತು ವರ್ಷದಿಂದ ಶುಗರ್. ಹೇಳಿದವರಿಗೆಲ್ಲ ನಮ್ಮ ಮೇಲೆ ಅಕ್ಕರೆ ಇತ್ತು, ನಿಜ. ಆದರೆ ಅವರಲ್ಲಿ ಒಬ್ಬರಾದರೂ ಆ ಆಸ್ಪತ್ರೆಯಲ್ಲಿ ಏನಿದೆ, ಏನಿಲ್ಲ ಎಂದು ವಿಚಾರಿಸಿರಲಿಲ್ಲ.

ದೊಡ್ಡ ಕ್ರೂಸ್ ಹಡಗುಗಳಲ್ಲಿ ಇರುವುದು ಒಂದು ಮೆಡಿಕಲ್ ಸೆಂಟರ್. ಹೆಚ್ಚಾಗಿ ಕೆಳಗಿನ ಡೆಕ್‌ನಲ್ಲಿರುತ್ತದೆ. ಒಬ್ಬರೋ ಇಬ್ಬರೋ ಡಾಕ್ಟರು, ಕೆಲವು ನರ್ಸ್‌ಗಳು, ಇಸಿಜಿ, ಎಕ್ಸ್-ರೇ, ಸಣ್ಣ ಲ್ಯಾಬ್, ಆಕ್ಸಿಜನ್, ವೆಂಟಿಲೇಟರ್. ಜ್ವರ, ವಾಂತಿ ಭೇದಿ, ಕಾಲು ಉಳುಕುವುದು, ಶುಗರ್ ಇಳಿಯುವುದು, ಇವನ್ನೆಲ್ಲ ಚೆನ್ನಾಗಿಯೇ ನೋಡುತ್ತಾರೆ. ಅದಕ್ಕಿಂತ ದೊಡ್ಡದು ಬಂದರೆ ದಡ ಸೇರುವ ತನಕ ರೋಗಿಯನ್ನು ಉಳಿಸಿಕೊಳ್ಳುವುದೇ ಅವರ ಕೆಲಸ. ಅದನ್ನು ಹಡಗಿನ ಡಾಕ್ಟರುಗಳೇ ಒಪ್ಪಿಕೊಳ್ಳುತ್ತಾರೆ. ಒಪ್ಪದವರು ನಮ್ಮ ನೆಂಟರು.

ಹಾರ್ಟ್ ಅಟ್ಯಾಕ್ ಆಯಿತು ಎನ್ನೋಣ. ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವಷ್ಟು ಅನುಕೂಲ ಹಡಗಿನಲ್ಲಿ ಇರಬಹುದು. ಆಂಜಿಯೋಪ್ಲಾಸ್ಟಿಗೆ ಕ್ಯಾಥ್ ಲ್ಯಾಬ್ ಬೇಕು, ಅದು ಇರುವುದಿಲ್ಲ. ಪಾರ್ಶ್ವವಾಯು ಬಡಿದರೆ ಕಷ್ಟ ಇನ್ನೂ ಹೆಚ್ಚು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ರಕ್ತಸ್ರಾವ ಆಗಿದೆಯೋ ಎಂದು ಹೊರಗಿನಿಂದ ನೋಡಿ ಹೇಳಲಾಗದು, ಸಿಟಿ ಸ್ಕ್ಯಾನ್ ಆಗಲೇಬೇಕು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತಸ್ರಾವ ಆಗಿದ್ದವರಿಗೆ ಅದೇ ಔಷಧ ಕೊಟ್ಟರೆ ಜೀವಕ್ಕೇ ಸಂಚಕಾರ. ಸಿಟಿ ಸ್ಕ್ಯಾನ್ ಯಂತ್ರ ಬಹುಪಾಲು ಹಡಗುಗಳಲ್ಲಿ ಇಲ್ಲ. ಬ್ಲಡ್ ಬ್ಯಾಂಕಂತೂ ಇರುವುದೇ ಇಲ್ಲ. ತುರ್ತಾಗಿ ರಕ್ತ ಬೇಕಾದಾಗ ಸಿಬ್ಬಂದಿಯಲ್ಲೋ ಪ್ರಯಾಣಿಕರಲ್ಲೋ ದಾನಿಗಳನ್ನು ಹುಡುಕಿದ್ದೂ ಉಂಟು.

“ಹೆಲಿಕಾಪ್ಟರ್ ಕರೆಸ್ತಾರೆ” ಎಂದು ಚಿಕ್ಕಪ್ಪ ತುಂಬ ಧೈರ್ಯದಿಂದ ಹೇಳಿದರು. ಹೆಲಿಕಾಪ್ಟರ್ ದಡದಿಂದ ಇಷ್ಟು ದೂರ ಎಂದರೆ ಇಷ್ಟೇ ಹೋಗಿ ಬರಬಲ್ಲದು. ಗಾಳಿ ಮಳೆ ಬಿಡಬೇಕು, ಆ ದೇಶದವರು ಕಳಿಸಲು ಒಪ್ಪಬೇಕು, ಮೇಲಕ್ಕೆ ಎತ್ತಿಕೊಳ್ಳುವ ಅಲುಗಾಟವನ್ನು ರೋಗಿಯ ದೇಹ ತಡೆಯಬೇಕು. ಆದ್ದರಿಂದ ಬಹಳಷ್ಟು ಸಲ ಆಗುವುದು ಒಂದೇ: ಹಡಗೇ ಹತ್ತಿರದ ಬಂದರಿನತ್ತ ತಿರುಗುತ್ತದೆ, ಇಲ್ಲವೇ ಮುಂದಿನ ಬಂದರಿನ ತನಕ ರೋಗಿಯನ್ನು ಹಾಗೇ ನೋಡಿಕೊಳ್ಳುತ್ತಾರೆ. ಹಡಗಿನ ವೇಗ ಸುಮಾರು 20 ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್. ದಡ 300 ಕಿಲೋಮೀಟರ್ ದೂರ ಇದ್ದರೆ ಎಂಟು ಗಂಟೆ.

ದಡ ಸೇರಿದ ಮೇಲಿನ ಕಥೆಯನ್ನು ಯಾರೂ ಯೋಚಿಸಿಯೇ ಇರುವುದಿಲ್ಲ. ಅಪ್ಪನನ್ನು ಪೆನಾಂಗ್‌ನಲ್ಲಿ ಇಳಿಸಿ ಆಂಬುಲೆನ್ಸ್ ಹತ್ತಿಸಿದರು ಎಂದುಕೊಳ್ಳಿ. ಅಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ, ಬೇರೆ ದೇಶಗಳಿಂದ ಜನ ಚಿಕಿತ್ಸೆಗೆಂದೇ ಬರುತ್ತಾರೆ. ಆದರೆ ಹಡಗು ಕಾಯುವುದಿಲ್ಲ. ಅಮ್ಮ ಅರ್ಧ ಗಂಟೆಯೊಳಗೆ ಕ್ಯಾಬಿನ್‌ನಲ್ಲಿ ಹರಡಿದ ಸೀರೆ, ಸ್ವೆಟರ್, ಇನ್ಸುಲಿನ್ ಎಲ್ಲ ತುಂಬಿಕೊಂಡು ಇಳಿಯಬೇಕು. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಹತ್ತುವಾಗಲೇ ಇಸಕೊಂಡಿರುತ್ತಾರೆ, ಅದನ್ನು ನೆನಪಿಟ್ಟು ಕೇಳಿ ಪಡೆಯಬೇಕು. ಆಸ್ಪತ್ರೆಯ ಕೌಂಟರಿನಲ್ಲಿ ಮೊದಲು ಕೇಳುವುದೇ ದುಡ್ಡು ಯಾರು ಕಟ್ಟುತ್ತಾರೆ ಎಂದು. ಹಡಗಿನಲ್ಲಿ ಡಾಕ್ಟರ್ ನೋಡಿದ ಬಿಲ್ಲು ಬೇರೆ, ಅದು ನೇರ ಕ್ಯಾಬಿನ್ ಲೆಕ್ಕಕ್ಕೆ, ಅದೂ ಡಾಲರ್ ದರದಲ್ಲಿ. ಊರಿನಲ್ಲಿ ವರ್ಷವರ್ಷ ಕಟ್ಟುವ ಆರೋಗ್ಯ ವಿಮೆ ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ.

ಆದ್ದರಿಂದ ಪ್ರವಾಸ ವಿಮೆ ಬೇಕೇ ಬೇಕು. ನನಗೆ ಹೆಚ್ಚು ಸಿಟ್ಟು ಬಂದದ್ದು ಅದನ್ನು ಮಾಡಿಸಲು ಕುಳಿತಾಗ. ಫಾರಂನಲ್ಲಿ ಒಂದು ಪ್ರಶ್ನೆ: ಈಗಾಗಲೇ ಕಾಯಿಲೆಗಳೇನಾದರೂ ಇವೆಯೇ? ಏಜೆಂಟ್ ಫೋನಿನಲ್ಲಿ, “ಸರ್, ನೋ ಅಂತ ಹಾಕ್ಬಿಡಿ, ಎಲ್ರೂ ಹಾಗೇ ಮಾಡೋದು” ಎಂದರು. ಅಪ್ಪನೂ ಕನ್ನಡಕ ಹಣೆಗೇರಿಸಿ, “ಹೌದಪ್ಪ, ಸ್ಟೆಂಟ್ ಹಾಕಿ ಆರು ವರ್ಷ ಆಯ್ತು, ಈಗ ಏನೂ ಇಲ್ವಲ್ಲ. ಸುಮ್ನೆ ಪ್ರೀಮಿಯಂ ಜಾಸ್ತಿ ಆಗತ್ತೆ” ಎಂದರು. ಅವರೆದುರು ಮೇಜಿನ ಮೇಲೆ ಮಾತ್ರೆ ಡಬ್ಬಿ ಇತ್ತು, ಬೆಳಿಗ್ಗೆ ರಾತ್ರಿ ಎಂದು ಅಮ್ಮ ಬಾಲ್‌ಪೆನ್ನಿನಲ್ಲಿ ಬರೆದಿದ್ದ ಹದಿನಾಲ್ಕು ಖಾನೆಯದು. ಒಂದೊಂದು ಬೆಳಗಿನ ಖಾನೆಯಲ್ಲೂ ರಕ್ತ ತೆಳು ಮಾಡುವ ಮಾತ್ರೆ. ಆಸ್ಪತ್ರೆಗೆ ಸೇರಿಸಿದರೆ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ ಯಾವ ಮಾತ್ರೆ ತಗೊಳ್ತೀರಿ ಎಂಬುದು. ಆ ಉತ್ತರ ಕೇಸ್ ಶೀಟಿಗೆ ಹೋಗುತ್ತದೆ, ಕೇಸ್ ಶೀಟು ವಿಮಾ ಕಂಪನಿಗೆ ಹೋಗುತ್ತದೆ. ಸುಳ್ಳು ಬರೆದ ಪಾಲಿಸಿ ಅಲ್ಲಿಗೆ ಮುಗಿಯಿತು.

ಇದ್ದದ್ದು ಇದ್ದ ಹಾಗೆ ಬರೆದರೂ ಕಣ್ಣು ಬಿಟ್ಟು ಓದಬೇಕು. ಅನೇಕ ಪಾಲಿಸಿಗಳು ಹಳೆಯ ಕಾಯಿಲೆಯನ್ನು ಜೀವಾಪಾಯದ ತುರ್ತಿನಲ್ಲಿ ಮಾತ್ರ ಭರಿಸುತ್ತವೆ, ಕೆಲವು ಅಷ್ಟನ್ನೂ ಭರಿಸುವುದಿಲ್ಲ. 70 ದಾಟಿದವರಿಗೆ ಮಿತಿಗಳು ಬೇರೆ. ಪಾಲಿಸಿಯನ್ನು ಭಾರತ ಬಿಡುವ ಮೊದಲೇ ಕೊಳ್ಳಬೇಕು. ಹಡಗಿನಲ್ಲಿ ಪಡೆದ ಚಿಕಿತ್ಸೆ, ಹಡಗಿನಿಂದ ದಡಕ್ಕೆ ಸಾಗಿಸುವ ಖರ್ಚು, ಎರಡೂ ಸೇರಿವೆಯೇ ಎಂದು ಬರಹದಲ್ಲಿ ಕೇಳಿ ತರಿಸಿಕೊಳ್ಳಬೇಕು. ಎರಡು ಸಂಜೆ ಇದಕ್ಕೇ ಹೋಯಿತು. ಹೋಗಲಿ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಕೊನೇ ಗಳಿಗೆಯಲ್ಲಿ ಕೊಂಡರೆ ಅಗ್ಗ ಎನ್ನುತ್ತಾರೆ: ಕ್ಯಾಬಿನ್ ದರ ಇಳಿದಿರಬಹುದು, ಸಿಂಗಪುರದ ವಿಮಾನದ ದರ ಏರಿರುತ್ತದೆ, ವಯಸ್ಸಾದವರಿಗೆ ಬೇಕಾದ, ಲಿಫ್ಟ್‌ಗೆ ಹತ್ತಿರದ ಕ್ಯಾಬಿನ್‌ಗಳೂ ಗಾಲಿಕುರ್ಚಿ ಹೋಗುವಂಥ ಕ್ಯಾಬಿನ್‌ಗಳೂ ಮೊದಲೇ ಹೋಗಿರುತ್ತವೆ. ಹಡಗಿನಲ್ಲೇ ಇರುವವರಿಗೆ ವೀಸಾ ಯಾಕೆ ಎನ್ನುವವರಿಗೆ: ಸಿಂಗಪುರದಿಂದ ಹೊರಟು ಸಿಂಗಪುರಕ್ಕೇ ಬಂದರೆ ಅದು ಎರಡನೇ ಪ್ರವೇಶ, ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಹೋಗುವಂಥದ್ದೇ ಆಗಿರಬೇಕು, ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ತಲೆ ತಿರುಗುತ್ತದೆಂಬ ಭಯವಿದ್ದರೆ ಹಡಗಿನ ನಡುಭಾಗದ ಕೆಳಗಿನ ಡೆಕ್ ಹಿಡಿಯಿರಿ, ಎತ್ತರದ ಬಾಲ್ಕನಿಯ ಆಸೆ ಬಿಡಿ. ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಕೆಂಬುದು ತಪ್ಪು: ಹಡಗಿನಲ್ಲಿ ವಾಂತಿ ಭೇದಿ ಹರಡುವ ನೊರೊವೈರಸ್ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ನಮ್ಮ ಮಾತ್ರೆ ನಾವು ಒಯ್ಯಲು ಯಾರನ್ನು ಕೇಳಬೇಕು ಎನ್ನಬೇಡಿ: ಕೋಡೀನ್ ಇರುವ ಔಷಧ, ಕೆಲವು ನಿದ್ರೆ ಮಾತ್ರೆಗಳನ್ನು ಸಿಂಗಪುರಕ್ಕೆ ಒಯ್ಯಲು ಮೊದಲೇ ಅನುಮತಿ ಪಡೆಯಬೇಕಾಗುತ್ತದೆ. ಎಲ್ಲ ಊರಲ್ಲೂ ಹಡಗು ದಡಕ್ಕೇ ಹತ್ತಿ ನಿಲ್ಲುತ್ತದೆ ಎಂದೂ ಎಣಿಸಬೇಡಿ. ಫುಕೆಟ್‌ನಲ್ಲಿ ಎಷ್ಟೋ ಸಲ ನೀರಿನ ನಡುವೆ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಕರೆದೊಯ್ಯುತ್ತಾರೆ, ಮೊಣಕಾಲು ನೋವಿನವರಿಗೆ ಆ ಹೆಜ್ಜೆ ದೊಡ್ಡದು.

ಇಷ್ಟನ್ನೆಲ್ಲ ಹೇಳಿದಾಗ ಪ್ರತಿಯೊಬ್ಬರದೂ ಒಂದೇ ಉತ್ತರ: “ನಮ್ಮ ಭಾವನೋರು ಹೋಗಿ ಬಂದ್ರು, ಏನೂ ಆಗ್ಲಿಲ್ಲ.” ಈ ಮಾತಿಗೆ ನಾನು ಸೋತಿದ್ದೇನೆ. ಹೆಲ್ಮೆಟ್‌ನಿಂದ ಹಿಡಿದು ಚೀಟಿ ವ್ಯವಹಾರದ ತನಕ ನಾವು ಎಲ್ಲವನ್ನೂ ಹೀಗೆಯೇ ತೀರ್ಮಾನಿಸುತ್ತೇವೆ. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದು ಸಾಲಗಾರರ ಒಂದೊಂದು ಕಾಗದವನ್ನೂ ತಿರುಗಿಸಿ ನೋಡುತ್ತಿದ್ದ ಅಪ್ಪ, ತನ್ನ ಎದೆಯ ವಿಷಯಕ್ಕೆ ಬಂದಾಗ ಭಾವಮೈದುನನ ಮಾತನ್ನು ನಂಬಿದರು. ಹೋಗಿ ಬಂದವರು ಬಂದು ಹೇಳುತ್ತಾರೆ. ಐಸಿಯು ಬಾಗಿಲಲ್ಲಿ ಭಾಷೆ ತಿಳಿಯದ ಊರಲ್ಲಿ ಒಬ್ಬಳೇ ಕೂತಿದ್ದವಳು ಮದುವೆಮನೆಯಲ್ಲಿ ಅದನ್ನು ಹೇಳುವುದಿಲ್ಲ.

ಕೊನೆಗೆ ಫಾರಂ ತುಂಬಿದ್ದು ಅಮ್ಮನ ಮಾತಿನ ಮೇಲೆ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, “ನಿಜ ಬರಿ ಮಗಾ, ದುಡ್ಡು ನಾನು ಕೊಡ್ತೀನಿ” ಎಂದಳು. ಎಸ್ ಎಂದು ಹಾಕಿದೆ. ಮಾತ್ರೆಗಳನ್ನು ಎರಡು ಪಾಲು ಮಾಡಿ ಒಂದನ್ನು ಅಪ್ಪನ ಕೈಚೀಲಕ್ಕೆ, ಇನ್ನೊಂದನ್ನು ತನ್ನ ಕೈಚೀಲಕ್ಕೆ ಹಾಕಿದಳು. ಹಳೆಯ ಇಸಿಜಿ, ಡಿಸ್ಚಾರ್ಜ್ ಸಮ್ಮರಿ, ಮಾತ್ರೆಗಳ ಮೂಲ ಹೆಸರಿನ ಪಟ್ಟಿ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಕವರಿನ ಮೇಲೆ ವಿಮೆಯವರ ತುರ್ತು ಫೋನ್ ನಂಬರನ್ನು ಅಪ್ಪ ತಾವೇ ಬರೆದರು, ಕನ್ನಡಕ ಇಲ್ಲದೆಯೂ ಕಾಣುವಷ್ಟು ದೊಡ್ಡದಾಗಿ.