ಹಲ್ಲಿಗೆ ಹಣ್ಣು ಉಜ್ಜುವ ಮುನ್ನ

ಖಾನಾಪುರದ ಕಾಡಂಚಿನ ಮುರುಗಲು, ಬೆಳಗಾವಿ ಸಂತೆಯ ನಿಂಬೆ ನಾಲಿಗೆಗೆ ಸೊಗಸು, ಹಲ್ಲಿಗೆ ಉಜ್ಜಿದರೆ ಕೇಡು. ಹಲ್ಲು ಬೆಳ್ಳಗಾಗಿಸಲು ರಾಸಾಯನಿಕ ಬೇಡವೆಂದು ಹಣ್ಣು ಹಿಡಿಯುವವರು ಒಂದನ್ನು ಮರೆಯುತ್ತಾರೆ: ನಿಂಬೆಯ ಸಿಟ್ರಿಕ್ ಆಮ್ಲವೂ ರಾಸಾಯನಿಕವೇ. ಆಮ್ಲತೆ ಅಳೆಯುವ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ. ನಿಂಬೆರಸದ್ದು 2ರಿಂದ 3. ಸವೆದ ಎನಾಮಲ್ ಮತ್ತೆ ಬೆಳೆಯದು, ಅದರಡಿಯ ಹಳದಿ ಡೆಂಟಿನ್ ಇನ್ನಷ್ಟು ಎದ್ದು ಕಾಣುತ್ತದೆ. ಸ್ಟ್ರಾಬೆರಿ, ಅಡುಗೆ ಸೋಡಾ ಮಿಶ್ರಣವನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗಲೂ ಹಲ್ಲು ಬೆಳ್ಳಗಾಗಲಿಲ್ಲ. ದಿನವೂ ಊಟಕ್ಕೆ ನಿಂಬೆ ಹಿಂಡುತ್ತೇವಲ್ಲ ಎಂದು ಕೇಳಬಹುದು. ಊಟದ ಹುಳಿಯನ್ನು ಜೊಲ್ಲು ಬೇಗ ತೊಳೆಯುತ್ತದೆ. ಉಜ್ಜಿದ ಹುಳಿ ಹಲ್ಲಿನ ಮೇಲೇ ನಿಲ್ಲುತ್ತದೆ, ಮೆತ್ತಗಾದ ಎನಾಮಲನ್ನು ಬ್ರಷ್ ಸವೆಸುತ್ತದೆ. ಹಲ್ಲಿನ ಕಲೆಗೆ ತಂಬಾಕು, ಎಲೆಅಡಿಕೆ, ಚಹಾ ದೊಡ್ಡ ಕಾರಣ. ಅವನ್ನು ತಗ್ಗಿಸಿ, ದಂತವೈದ್ಯರಲ್ಲಿ ಹಲ್ಲು ಶುಚಿ ಮಾಡಿಸಿ. ಹುಳಿಹಣ್ಣು ತಿಂದರೆ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಹಿಡಿಯಿರಿ.